ಕಯಾಕ್‌ನಲ್ಲಿ ಮೂರು ದಿನ ಶರಾವತಿ ಹಿನ್ನೀರು: ಹೊರಡುವ ಮೊದಲು ಊರ ಕೆರೆಯಲ್ಲಿ ಕಲಿಯಬೇಕಾದದ್ದು

ಪ್ರಶ್ನೆ: ನಾವು ತುಮಕೂರಿನ ನಾಲ್ವರು ಗೆಳೆಯರು. ಗಾಳಿ ತುಂಬುವ, ಇಬ್ಬರು ಕೂರುವ ಎರಡು ಕಯಾಕ್ ಕೊಂಡಿದ್ದೇವೆ. ಒಂದೊಂದಕ್ಕೆ 180 ಕೆ.ಜಿ. ಎಂದು ಡಬ್ಬದ ಮೇಲಿದೆ. ಹತ್ತಿರದ ಕೆರೆಯಲ್ಲಿ ಒಂದೆರಡು ಸಲ ಓಡಿಸಿ ನೋಡಿದ್ದೇವೆ. ಜನವರಿಯಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೂರು ಹಗಲು ಸುತ್ತಿ, ಎರಡು ರಾತ್ರಿ ದಡದಲ್ಲಿ ಟೆಂಟ್ ಹಾಕಬೇಕೆಂದು ಆಸೆ. ಇಬ್ಬರಿಗೆ ಈಜು ಬರುತ್ತದೆ, ಇಬ್ಬರಿಗೆ ಬಾರದು. ಏನೇನು ಒಯ್ಯಬೇಕು? ದಿನಕ್ಕೆ ಎಷ್ಟು ದೂರ ಹೋಗಬಹುದು? ಮೊದಲೇ ಕಲಿಯಬೇಕಾದದ್ದು ಏನು?

ಉತ್ತರ: ಹೋಗಬಹುದು, ಆದರೆ ನೀವು ಬರೆದಿರುವ ಹಾಗಲ್ಲ. ನಾಲ್ವರೂ ಅವರ ಸಾಮಾನೂ ನಿಮ್ಮ ಎರಡು ದೋಣಿಯಲ್ಲಿ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮಗುಚಿದ ದೋಣಿಗೆ ನೀರಿನಿಂದಲೇ ಮತ್ತೆ ಹತ್ತುವುದು ನಾಲ್ವರಿಗೂ ಬರುವ ತನಕ ಹಿನ್ನೀರಿಗೆ ಇಳಿಯಲೇಬಾರದು. ಸಾಮಾನಿನ ಪಟ್ಟಿ ಆಮೇಲಿನ ಮಾತು.

ಮೊದಲು ತೂಕ. 180 ಕೆ.ಜಿ. ಎಂದರೆ ದೋಣಿ ನಿಂತ ನೀರಿನಲ್ಲಿ ತಡೆಯುವ ಕಟ್ಟಕಡೆಯ ಭಾರ ಎಂದೇ ತಿಳಿಯಿರಿ. ಅಲೆಯಿರುವ ನೀರಿನಲ್ಲಿ ದಿನವಿಡೀ ಹೋಗುವುದಾದರೆ ಅದರ ಮುಕ್ಕಾಲು ಪಾಲು, ಅಂದರೆ 135 ಕೆ.ಜಿ., ಮೀರಬಾರದು. ತಲಾ 65–70 ಕೆ.ಜಿ. ತೂಗುವ ಇಬ್ಬರು ಕೂತರೆ ಅಷ್ಟಕ್ಕೇ ಲೆಕ್ಕ ಮುಗಿಯಿತು. ಎರಡು ರಾತ್ರಿಯ ಸಾಮಾನು ಎಷ್ಟು ಬಿಗಿ ಹಿಡಿದರೂ ಒಬ್ಬರಿಗೆ ಹನ್ನೆರಡೂವರೆ ಕೆ.ಜಿ. ಆಗುತ್ತದೆ: ಟೆಂಟಿನ ಪಾಲು ಒಂದೂವರೆ, ಮಲಗುವ ಚೀಲ ಮತ್ತು ಚಾಪೆ ಎರಡು, ಬಟ್ಟೆ ಒಂದೂವರೆ, ಊಟದ ಸಾಮಾನು ಎರಡು, ಒಲೆ ಪಾತ್ರೆಯ ಪಾಲು ಒಂದು, ಔಷಧಿ ಮತ್ತು ರಿಪೇರಿ ಸಾಮಾನು ಅರ್ಧ, ನೀರು ನಾಲ್ಕು. ಇಬ್ಬರದೂ ಸೇರಿ ದೋಣಿಯ ಭಾರ 160 ಕೆ.ಜಿ.ಗೆ ಹೋಗುತ್ತದೆ. ಅಷ್ಟು ಹೇರಿದ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ, ನುಗ್ಗಿದ ನೀರು ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಹುಟ್ಟು ಎಷ್ಟು ಹಾಕಿದರೂ ದೋಣಿ ತಿರುಗುವುದಿಲ್ಲ. ಖಾಲಿ ದೋಣಿಯನ್ನು ಕೆರೆಯಲ್ಲಿ ಓಡಿಸಿದವರಿಗೆ ಇದರ ಅಂದಾಜು ಸಿಗುವುದಿಲ್ಲ.

ಹಾಗಾಗಿ ಮೂರನೆಯ ದೋಣಿ ಬೇಕು, ಅದನ್ನು ಓಡಿಸುವವರು ಆ ಹಿನ್ನೀರನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿ ಆಗಿರಬೇಕು. ಹೊರೆಯೆಲ್ಲ ಅವರ ದೋಣಿಯಲ್ಲಿರಲಿ. ನಿಮ್ಮ ಎರಡು ದೋಣಿಯಲ್ಲಿ ಈಜು ಬರುವ ಒಬ್ಬರು, ಬಾರದ ಒಬ್ಬರು ಜೊತೆಯಾಗಿ ಕೂರಿ. ಈಜು ಬರುವ ಇಬ್ಬರೂ ಒಂದೇ ದೋಣಿಯಲ್ಲಿ ಕೂತರೆ ಇನ್ನೊಂದು ದೋಣಿ ಮಗುಚಿದಾಗ ನೀರಿನಲ್ಲಿರುವವರು ಇಬ್ಬರೂ ಗಾಬರಿಗೊಂಡವರೇ ಆಗಿರುತ್ತಾರೆ. ಹೊರೆ ಬೇರೆ ದೋಣಿಯಲ್ಲಿದ್ದರೂ ಪ್ರತಿ ದೋಣಿಯಲ್ಲಿ ಒಂದು ಲೀಟರ್ ನೀರು, ಸೀಟಿ, ಟಾರ್ಚ್, ಚಾಕು, ತಿನ್ನಲು ಏನಾದರೂ ಇರಲಿ. ದೋಣಿಗಳು ಬೇರೆಬೇರೆಯಾದರೆ ಅಷ್ಟೇ ನಿಮ್ಮ ಪಾಲಿಗೆ.

ಇನ್ನು ಅಭ್ಯಾಸದ ಜಾಗ. ಮಳೆ ಚೆನ್ನಾಗಿ ಆಗಿ ಹೇಮಾವತಿ ನೀರೂ ಬಂದ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತುಮಕೂರು ಸೀಮೆಯ ಕೆರೆಗಳಲ್ಲಿ ಒಳ್ಳೆಯ ನೀರಿರುತ್ತದೆ, ನಿಮಗೆ ಬೇಕಾದ ಕಾಲವೂ ಅದೇ. ಬುಗುಡನಹಳ್ಳಿ ಕೆರೆಗೆ ಇಳಿಯಬೇಡಿ, ಅದು ತುಮಕೂರು ನಗರ ಕುಡಿಯುವ ನೀರು. ಹೇಮಾವತಿ ನಾಲೆಗಂತೂ ಯಾವ ಕಾರಣಕ್ಕೂ ದೋಣಿ ಬಿಡಬೇಡಿ. ಕಾಂಕ್ರೀಟ್ ಹಾಸಿದ ಇಳಿಜಾರು ಬದಿ ಪಾಚಿಗಟ್ಟಿ ಜಾರುತ್ತದೆ, ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲ, ಸೆಳೆತ ಬಿಡುವುದಿಲ್ಲ. ಈಜು ಬಲ್ಲವರೂ ಅಲ್ಲಿಂದ ಹತ್ತಿ ಬರುವುದು ಕಷ್ಟ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯ ಅನೇಕರಿಗೆ ಮೊದಲು ನೆನಪಾಗುವ ಜಾಗ. ಅಲ್ಲಿ ನೀರು ಹೊರಬಿಡಲು ತಾನಾಗಿಯೇ ಕೆಲಸ ಮಾಡುವ ಸೈಫನ್ ವ್ಯವಸ್ಥೆ ಇದೆ ಎಂಬುದು ನೆನಪಿರಲಿ. ನೀರು ಗೊತ್ತಾದ ಮಟ್ಟ ಮುಟ್ಟಿ ಸೈಫನ್ ಒಳಗೆ ತುಂಬಿಕೊಂಡಿತೆಂದರೆ ಯಾರೂ ಗೇಟು ಎತ್ತದೆಯೇ ಒಮ್ಮೆಲೇ ರಭಸದಿಂದ ಎಳೆಯಲು ಶುರುವಾಗುತ್ತದೆ. ಜಲಾಶಯ ತುಂಬಿರುವ ದಿನಗಳಲ್ಲಿ ಅದರ ಮೇಲುಗಡೆಯ ನೀರಿಗೂ ಕೆಳಗಡೆಯ ಹೊಳೆ ಪಾತ್ರಕ್ಕೂ ಹೋಗಬಾರದು.

ಇದನ್ನು ಓದುತ್ತಿರುವ ಕೋಲಾರ, ಚಿಕ್ಕಬಳ್ಳಾಪುರದವರಿಗೂ ಒಂದು ಮಾತು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ನಿಮ್ಮ ಅನೇಕ ಕೆರೆಗಳಿಗೆ ಬರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು. ಅದು ಅಂತರ್ಜಲ ಹೆಚ್ಚಲೆಂದು ಬಿಡುವ ನೀರು, ಮೈಮುಳುಗಿಸುವ ಅಭ್ಯಾಸಕ್ಕೆ ತಕ್ಕದ್ದಲ್ಲ. ಮಗುಚುವ ಅಭ್ಯಾಸದಲ್ಲಿ ಬಾಯಿಗೆ, ಮೂಗಿಗೆ ನೀರು ಹೋಗಿಯೇ ಹೋಗುತ್ತದೆ. ಮಳೆ ನೀರಿನಿಂದಲೇ ತುಂಬಿದ ಕೆರೆ ಹುಡುಕಿಕೊಳ್ಳಿ.

ಕೆರೆ ಯಾವುದೇ ಇರಲಿ, ಮೊದಲು ಪಂಚಾಯಿತಿಯನ್ನೂ ಮೀನು ಹಿಡಿಯುವ ಹಕ್ಕು ಪಡೆದವರನ್ನೂ ಕೇಳಿ. ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ, ಹೂಳು ಎಲ್ಲಿ ಹೆಚ್ಚು, ಮಣ್ಣು ತೆಗೆದ ಗುಂಡಿ ಎಲ್ಲಿದೆ ಎಂಬುದನ್ನು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ನಮ್ಮ ಕೆರೆಗಳಲ್ಲಿ ಜನ ಮುಳುಗುವುದು ಹೆಚ್ಚಾಗಿ ಆ ಗುಂಡಿಗಳಲ್ಲೇ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರ ಕಾಲ ಕೆಳಗೆ ಒಂದೇ ಹೆಜ್ಜೆಗೆ ಎರಡಾಳು ಆಳ ಬರುತ್ತದೆ. ಏರಿಯ ಕಲ್ಲುಕಟ್ಟಡದಿಂದ ಇಳಿಯಬೇಡಿ, ಅಂಗಳದ ಕಡೆಯಿಂದ ಇಳಿಯಿರಿ. ತೂಬು ತೆರೆದಿದ್ದರೆ ಅದರ ಹತ್ತಿರ ಸುಳಿಯಬೇಡಿ, ಮೇಲೆ ನೀರು ಶಾಂತವಾಗಿ ಕಂಡರೂ ಕೆಳಗೆ ಸೆಳೆತವಿರುತ್ತದೆ. ಕೋಡಿ ಬಿದ್ದಿರುವ ದಿನ ದೋಣಿಯನ್ನು ಮನೆಯಲ್ಲೇ ಬಿಡಿ. ಅಂಗಳದಲ್ಲಿ ಬಳ್ಳಾರಿ ಜಾಲಿ, ಕರಿಜಾಲಿ ಇದ್ದರೆ ಒಣಗಿದ ಮುಳ್ಳು ಮಣ್ಣಿನಲ್ಲಿ ಹೂತುಕೊಂಡು ಕಣ್ಣಿಗೆ ಬೀಳದೆ ಇರುತ್ತದೆ. ಗಾಳಿ ದೋಣಿಯನ್ನು ನೆಲದ ಮೇಲೆ ಎಳೆಯದೆ ಇಬ್ಬರೂ ಎತ್ತಿಕೊಂಡು ಹೋಗಿ, ಗಾಳಿ ತುಂಬುವುದಿದ್ದರೆ ಟಾರ್ಪಾಲಿನ ಮೇಲಿಟ್ಟು ತುಂಬಿ. ಗಾಳಿ ನಿಮ್ಮ ದಡದ ಕಡೆಗೆ ಬೀಸುತ್ತಿರುವ ದಿನ ಆರಿಸಿಕೊಂಡರೆ ಕೈ ಸೋತರೂ ಅದೇ ನಿಮ್ಮನ್ನು ದಡಕ್ಕೆ ತರುತ್ತದೆ.

ಈಗ ಮಗುಚಿ ಹತ್ತುವ ವಿದ್ಯೆ. ಇದನ್ನು ನಿಧಾನವಾಗಿ ಓದಿ, ನಾಲ್ವರೂ ಮಾಡಿ. ಎದೆಮಟ್ಟದ ನೀರು, ಗಟ್ಟಿ ತಳ, ದಡದಲ್ಲಿ ಹದಿನೈದು ಮೀಟರ್ ತೇಲುವ ಹಗ್ಗ ಹಿಡಿದು ನಿಂತ ಒಬ್ಬರು: ಇವಿಷ್ಟು ಇಲ್ಲದೆ ಶುರು ಮಾಡಬೇಡಿ.

ಬಿದ್ದ ಕೂಡಲೇ ಒಂದು ಕೈ ದೋಣಿಯ ಮೇಲೆ, ಇನ್ನೊಂದು ಕೈ ಹುಟ್ಟಿನ ಮೇಲೆ. ದೋಣಿ ಬಿಟ್ಟರೆ ಕೆಟ್ಟಿರಿ. ಖಾಲಿಯಾದ ಗಾಳಿ ದೋಣಿಯನ್ನು ಗಾಳಿ ಹೊತ್ತೊಯ್ಯುವ ವೇಗಕ್ಕೆ ಒಳ್ಳೆಯ ಈಜುಗಾರರೂ ಸಾಟಿಯಾಗುವುದಿಲ್ಲ. ದೋಣಿಯ ಒಂದು ಬದಿಯ ನಡುವಿನ ಹಿಡಿಗೆ ಮೂರು ಮೀಟರ್ ಉದ್ದದ, ಎರಡು ಬೆರಳಗಲದ ನೈಲಾನ್ ಪಟ್ಟಿ ಮೊದಲೇ ಕಟ್ಟಿಟ್ಟಿರಿ. ದೋಣಿ ಬೋರಲಾದಾಗ ಆ ಪಟ್ಟಿಯನ್ನು ತಳದ ಮೇಲಿಂದ ಆಚೆ ಬದಿಗೆ ಎಸೆದು, ನೀವೂ ಆಚೆ ಬದಿಗೆ ಹೋಗಿ, ಮೊಣಕಾಲನ್ನು ಅಂಚಿಗೆ ಒತ್ತಿ, ಪಟ್ಟಿ ಹಿಡಿದು ಮೈಭಾರವನ್ನೆಲ್ಲ ಹಿಂದಕ್ಕೆ ಬಿಡಿ. ದೋಣಿ ನಿಮ್ಮ ಕಡೆಗೇ ಹೊರಳಿ ಬೀಳುತ್ತದೆ, ಒಂದು ತೋಳು ತಲೆಗೆ ಅಡ್ಡ ಇರಲಿ.

ಹತ್ತುವಾಗ ಇಬ್ಬರೂ ಎದುರುಬದುರು. ಒಬ್ಬರು ಆಚೆ ಬದಿಯ ಅಂಚನ್ನು ಕೆಳಕ್ಕೆ ಜಗ್ಗಿ ಹಿಡಿದರೆ ದೋಣಿ ಮತ್ತೆ ಹೊರಳುವುದಿಲ್ಲ. ಹತ್ತುವವರು ನಡುಭಾಗದಲ್ಲಿ ಎರಡು ಕೈ ಊರಿ, ಮೊದಲು ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತರಬೇಕು. ತಪ್ಪುವುದೆಲ್ಲ ಇಲ್ಲೇ. ಕಾಲು ದೋಣಿಯ ಅಡಿಗೆ ಜೋತು ಬಿದ್ದಿರುವಾಗ ಬರೀ ತೋಳಿನ ಬಲದಿಂದ ಮೇಲೇಳಲು ನೋಡುತ್ತಾರೆ, ಎರಡೇ ಯತ್ನಕ್ಕೆ ಕೈ ಸೋಲುತ್ತದೆ. ಮೈ ಅಡ್ಡವಾಗಿ ತೇಲುವಷ್ಟು ಕಾಲು ಬಡಿದು, ಅದೇ ಓಟದಲ್ಲಿ ಎದೆಯನ್ನು ದೋಣಿಯ ಮೇಲಕ್ಕೆ ಜಾರಿಸಿ, ಹೊಟ್ಟೆ ದೋಣಿಯ ನಡುವಿಗೆ ಬರುವವರೆಗೆ ಮುಂದೆ ಸರಿಯಿರಿ. ಆಮೇಲೆ ಮಗ್ಗುಲು ತಿರುಗಿ, ಕೂತು, ಎರಡು ಕಾಲನ್ನೂ ಆಚೀಚೆ ನೀರಿಗೆ ಇಳಿಬಿಟ್ಟರೆ ದೋಣಿ ನಿಲ್ಲುತ್ತದೆ. ಕೂತವರು ಎರಡನೆಯವರನ್ನು ಎಳೆಯುವಾಗ ಕೈ ಹಿಡಿದು ಎಳೆಯಬಾರದು, ಲೈಫ್ ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿಯಬೇಕು. ಮೈಭಾರ ಹೆಚ್ಚಿರುವವರಿಗೆ, ತೋಳು ಸೋತವರಿಗೆ ಅದೇ ನೈಲಾನ್ ಪಟ್ಟಿಯಲ್ಲಿ ಮೊಣಕಾಲಿನ ಮಟ್ಟಕ್ಕೆ ಇಳಿಯುವ ಕುಣಿಕೆ ಮಾಡಿ ಕೊಡಿ, ಮೆಟ್ಟಿಲಿನ ಹಾಗೆ ಕಾಲಿಟ್ಟು ಏಳುತ್ತಾರೆ. ಏರಿದ ಮೇಲೆ ಕಾಲನ್ನು ಕುಣಿಕೆಯಿಂದ ಬಿಡಿಸಿಕೊಂಡದ್ದನ್ನು ನೋಡಿಕೊಳ್ಳಿ. ಕೊನೆಗೆ ಎರಡು ಲೀಟರ್ ಬಾಟಲಿಯ ತಳ ಕತ್ತರಿಸಿದ ಮೊಗೆಯಿಂದ ಒಳಗಿನ ನೀರು ಎತ್ತಿ ಹಾಕಿ. ಮೊಗೆ ದಾರ ಕಟ್ಟಿ ದೋಣಿಗೇ ಬಿಗಿದಿರಲಿ.

ಇದನ್ನು ಪೂರ್ತಿ ಬಟ್ಟೆ ತೊಟ್ಟು, ದೋಣಿಯಲ್ಲಿ ಹೊರೆ ಕಟ್ಟಿ, ಕಾಲು ತಳಕ್ಕೆ ತಾಗಿಸದೆ, ಮೂರು ನಿಮಿಷದೊಳಗೆ, ಮೂರು ಸಲ ಬೆನ್ನುಬೆನ್ನಿಗೆ ಮಾಡಲು ಬಂದರೆ ತಯಾರಾದಿರಿ ಎನ್ನಬಹುದು. ನಾಲ್ವರಲ್ಲಿ ಒಬ್ಬರಿಗೆ ಬಾರದಿದ್ದರೂ ಪಯಣ ಮುಂದಕ್ಕೆ ಹಾಕಿ. ಮಾರ್ಗದರ್ಶಿ ಇದ್ದಾರೆ ಎಂಬ ಧೈರ್ಯ ಸಾಲದು, ಒಂದೇ ಸಲ ಎರಡು ದೋಣಿ ಮಗುಚಿದರೆ ಅವರು ಇರುವುದು ಒಬ್ಬರೇ.

ಲೈಫ್ ಜಾಕೆಟ್ ವಿಷಯದಲ್ಲಿ ಅಗ್ಗದ ಮಾಲು ಬೇಡ. ತೇಲಿಸುವ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ಪಕ್ಕದಲ್ಲಿ ನೆರವಿರುವ ಜಾಗಕ್ಕೆ. ಈಜು ಬಾರದ ನಿಮ್ಮಿಬ್ಬರಿಗೆ 100 ನ್ಯೂಟನ್ನಿಗಿಂತ ಕಡಿಮೆ ಬೇಡ, ತೊಡೆಸಂದಿಯ ಪಟ್ಟಿಯೂ ಇರಬೇಕು. ತೊಟ್ಟು ಬಕಲು ಬಿಗಿದ ಮೇಲೆ ಇನ್ನೊಬ್ಬರು ಎರಡೂ ಹೆಗಲಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ: ಜಾಕೆಟ್ ಕಿವಿಯ ಮಟ್ಟಕ್ಕೆ ಜಾರಿ ಬಂದರೆ ಅಳತೆ ದೊಡ್ಡದು, ನೀರಿನಲ್ಲಿ ಅದು ಮೇಲೇರಿ ನೀವು ಕೆಳಗೆ ಉಳಿಯುತ್ತೀರಿ. ಈಜು ಬಾರದವರು ಜಾಕೆಟ್ ತೊಟ್ಟು ಹತ್ತು ನಿಮಿಷ ಅಂಗಾತ ತೇಲಿ, ಬೋರಲು ಬಿದ್ದಲ್ಲಿಂದ ಅಂಗಾತ ಹೊರಳಿ, ಕೈಕಾಲು ಬಡಿದು ಇಪ್ಪತ್ತೈದು ಮೀಟರ್ ಸಾಗುವುದನ್ನು ಕಲಿತಿರಬೇಕು. ನೀರಿನ ಮೇಲಿರುವಷ್ಟು ಹೊತ್ತೂ ಜಾಕೆಟ್ ಮೈಮೇಲೇ. ಸೆಖೆಯೆಂದು ಬಿಚ್ಚಿ ಕಾಲಡಿ ಇಟ್ಟುಕೊಂಡದ್ದು ಬಿದ್ದಾಗ ಕೈಗೆ ಸಿಗುವುದಿಲ್ಲ.

ಹುಟ್ಟು ಹಾಕುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲವಾದ ಗಾಳಿ ದೋಣಿಗೆ 230–240 ಸೆಂ.ಮೀ. ಉದ್ದದ ಹುಟ್ಟು ಬೇಕು, ಅದಕ್ಕಿಂತ ಗಿಡ್ಡವಾದರೆ ಗೆಣ್ಣು ಅಂಚಿಗೆ ಉಜ್ಜಿ ತರಚುತ್ತದೆ. ಪಾದದ ಹತ್ತಿರ ನೀರಿಗಿಳಿಸಿ ಸೊಂಟದ ಹತ್ತಿರ ಮೇಲೆತ್ತಿ. ತೋಳಿನಿಂದ ಎಳೆಯದೆ ಸೊಂಟದಿಂದ ಮೈ ತಿರುಗಿಸಿ ಎಳೆದರೆ ಮೂರನೆಯ ದಿನವೂ ಭುಜ ಏಳುತ್ತದೆ. ನಾಲ್ವರ ನಡುವೆ ಒಂದು ಹೆಚ್ಚುವರಿ ಹುಟ್ಟು ಇರಲಿ.

ದೂರವನ್ನು ಗಾಳಿ ನೋಡಿ ತೀರ್ಮಾನಿಸಬೇಕು. ನಿಮ್ಮಂಥ ದೋಣಿ ನಿಂತ ನೀರಿನಲ್ಲಿ ಗಂಟೆಗೆ ಮೂರು, ಮೂರೂವರೆ ಕಿ.ಮೀ. ಹೋಗುತ್ತದೆ. ಗಂಟೆಗೆ 15 ಕಿ.ಮೀ. ಎದುರುಗಾಳಿ ಎದ್ದರೆ ಹುಟ್ಟು ಹಾಕಿದಷ್ಟೂ ಇದ್ದಲ್ಲೇ ಇರುತ್ತೀರಿ, ಏಕೆಂದರೆ ಈ ದೋಣಿಯ ಬಹುಭಾಗ ನೀರಿನ ಮೇಲೇ ಇದ್ದು ಗಾಳಿಗೆ ಮೈಯೊಡ್ಡುತ್ತದೆ. ಹಿನ್ನೀರಿನಲ್ಲಿ ಬೆಳಗಿನ ಹೊತ್ತು ನೀರು ಕನ್ನಡಿಯಂತಿದ್ದು ಹೊತ್ತೇರಿದಂತೆ ಗಾಳಿ ಏಳುವುದು ಸಾಮಾನ್ಯ. ತೆರೆದ ನೀರು ಉದ್ದವಿದ್ದಷ್ಟೂ ಅಲೆ ಎತ್ತರವಾಗುತ್ತದೆ, ಹಾಗಾಗಿ ಕೆರೆಯಲ್ಲಿ ಕಂಡ ಅಲೆಯ ಅಂದಾಜು ಅಲ್ಲಿ ನಡೆಯದು. ಜನವರಿಯಲ್ಲಿ ಬೆಳಕು ಹರಿಯುವಾಗ ಏಳರ ಹತ್ತಿರವಾಗುತ್ತದೆ, ಕೆಲವು ದಿನ ಮಂಜು ಇನ್ನೂ ತಡವಾಗಿ ಕರಗುತ್ತದೆ. ಎದುರಿನ ದಡ ಸರಿಯಾಗಿ ಕಾಣುವವರೆಗೆ ಹೊರಡಬೇಡಿ. ಹನ್ನೊಂದೂವರೆಗೆ ನಿಲ್ಲಿಸಿ. ಮಂಜಿಗೆ ಕಾಯುವ, ನಡುವೆ ದಣಿವಾರಿಸಿಕೊಳ್ಳುವ ಹೊತ್ತು ಕಳೆದರೆ ದಿನಕ್ಕೆ ಎಂಟು ಕಿ.ಮೀ. ನಕ್ಷೆಯ ಮೇಲೆ ಕಡಿಮೆ ಅನಿಸಿದರೂ ಅದಕ್ಕಿಂತ ಹೆಚ್ಚಿನ ಯೋಜನೆ ಹಾಕಬೇಡಿ. ಎರಡನೆಯ ದಿನ ಬಿಡಾರ ಕೀಳದೆ ಖಾಲಿ ದೋಣಿಯಲ್ಲಿ ಸುತ್ತಮುತ್ತಲ ಕೊಲ್ಲಿಗಳನ್ನು ನೋಡಿಬನ್ನಿ, ಮೂರನೆಯ ದಿನ ಬಂದ ದಾರಿಯಲ್ಲೇ ಹಿಂದಿರುಗಿ. ದಡದಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲಿ ದಡವನ್ನೇ ಅನುಸರಿಸಿ ಹೋಗಿ. ಅರ್ಧ ಕಿ.ಮೀ.ಗಿಂತ ಅಗಲದ ತೆರೆದ ನೀರನ್ನು ಅಡ್ಡ ಹಾಯಬೇಡಿ. ಅಲೆಯ ತುದಿಯಲ್ಲಿ ಬಿಳಿನೊರೆ ಕಂಡ ತಕ್ಷಣ ಹತ್ತಿರದ ದಡ ಸೇರಿ, ಗಾಳಿ ತಗ್ಗುವವರೆಗೆ ಕಾಯಿರಿ. ಇದಕ್ಕಾಗಿಯೇ ಒಂದು ಹೊತ್ತಿನ ಊಟ ಹೆಚ್ಚಿಗೆ ಒಯ್ಯುವುದು.

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ತುಂಬಿದ ಮಟ್ಟ 1,819 ಅಡಿ. ವಿದ್ಯುತ್ತಿಗಾಗಿ ನೀರು ಬಿಡುತ್ತಾ ಹೋದಂತೆ ಮಳೆಗಾಲದ ನಂತರ ಮಟ್ಟ ಇಳಿಯುತ್ತಾ ಬರುತ್ತದೆ. ಆದ್ದರಿಂದ ಫೋನಿನ ಉಪಗ್ರಹ ಚಿತ್ರದಲ್ಲಿ ಕಾಣುವ ದಡ ನೀವು ಹೋದ ದಿನ ಇರುವುದಿಲ್ಲ. ಚಿತ್ರದಲ್ಲಿ ದ್ವೀಪವಾಗಿದ್ದದ್ದು ಬೇಸಿಗೆಯಲ್ಲಿ ದಡಕ್ಕೆ ಕೂಡಿಕೊಂಡಿರುತ್ತದೆ, ದೋಣಿ ಹೋಗುವಂತೆ ಕಂಡ ಕಾಲುವೆ ಕೆಸರಾಗಿರುತ್ತದೆ. ಚಿತ್ರ ಯಾವ ತಿಂಗಳಿನದು ಎಂದು ನೋಡಿ, ಹಿಂದಿನ ವರ್ಷಗಳ ಜನವರಿ ಚಿತ್ರ ಸಿಕ್ಕರೆ ಅದನ್ನೇ ಫೋನಿಗೆ ಇಳಿಸಿಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಗಾಳಿ ದೋಣಿಗೆ ಇಲ್ಲಿನ ದೊಡ್ಡ ಶತ್ರು ಮುಳುಗಡೆಯ ಮರಗಳ ಬೊಡ್ಡೆ. ಮೇಲೆ ಕಾಣುವ ಬೊಡ್ಡೆಗಿಂತ ಗೇಣುದ್ದ ಕೆಳಗಿರುವುದೇ ಅಪಾಯ. ಕಿರಿದಾದ ಕೊಲ್ಲಿಗೆ ನುಗ್ಗುವಾಗ ವೇಗ ತಗ್ಗಿಸಿ, ಮುಂದೆ ಕೂತವರು ಹುಟ್ಟು ಬಿಟ್ಟು ನೀರನ್ನೇ ನೋಡಲಿ. ಬೊಡ್ಡೆಯ ಮೇಲೆ ಸಿಕ್ಕಿಕೊಂಡರೆ ಅಲ್ಲಾಡಿಸಿ ಬಿಡಿಸಿಕೊಳ್ಳಬೇಡಿ, ಹರಿಯುವುದು ಆಗಲೇ. ಭಾರವನ್ನು ಬೊಡ್ಡೆಯಿಂದ ದೂರಕ್ಕೆ ಸರಿಸಿ, ಬಂದ ದಿಕ್ಕಿಗೇ ಮೆಲ್ಲಗೆ ಹಿಂದೆ ಬನ್ನಿ. ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಇದೇ ಹಿನ್ನೀರಿನಲ್ಲಿ ಮುಳುಗಿದೆ, ನೀರು ಬಹಳ ಇಳಿದ ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಆ ಮಡೇನೂರು ಭಾಗಕ್ಕೆ ಹೋಗದಿರುವುದೇ ಲೇಸು.

ದೋಣಿ ತೂತಾದರೆ ಸೈಕಲ್ ಟ್ಯೂಬಿನ ಪಂಕ್ಚರ್ ಸೊಲ್ಯೂಷನ್ ಹಿಡಿಯುವುದಿಲ್ಲ, ಅದು ರಬ್ಬರಿನದು. ನಿಮ್ಮ ದೋಣಿ ಪಿ.ವಿ.ಸಿ., ಅದಕ್ಕೆ ಪಿ.ವಿ.ಸಿ.ಯದೇ ತೇಪೆ ಮತ್ತು ಅಂಟು ಬೇಕು. ಜಾಗವನ್ನು ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ನಯವಾದ ಉಜ್ಜುಕಾಗದ ತಿಕ್ಕಿ, ತೂತಿನ ಸುತ್ತ ಎಲ್ಲ ಕಡೆ ಎರಡು ಇಂಚು ದಾಟುವಂಥ, ಮೂಲೆ ದುಂಡಗೆ ಕತ್ತರಿಸಿದ ತೇಪೆ ಹಚ್ಚಿ, ಕಲ್ಲು ಹೇರಿ ರಾತ್ರಿಯಿಡೀ ಬಿಡಿ. ಅವಸರದಲ್ಲಿ ಎರಡೇ ಗಂಟೆಗೆ ಗಾಳಿ ತುಂಬಿದರೆ ತೇಪೆ ಅಂಚಿನಿಂದ ಏಳುತ್ತದೆ. ತೂತು ಕಾಣದಿದ್ದರೆ ಸೋಪಿನ ನೀರು ಬಳಿದು ಗುಳ್ಳೆ ನೋಡಿ, ಕವಾಟದಿಂದಲೇ ಶುರು ಮಾಡಿ. ಮಧ್ಯಾಹ್ನ ದಡಕ್ಕೆ ಎಳೆದ ದೋಣಿಯನ್ನು ನೆರಳಲ್ಲಿಡಿ, ಸ್ವಲ್ಪ ಗಾಳಿಯನ್ನೂ ಬಿಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುವುದುಂಟು. ಪಂಪು ಮರೆಯಬೇಡಿ.

ಅನುಮತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿನ್ನೀರಿನ ಸುತ್ತಲ ಬಹಳಷ್ಟು ಕಾಡು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. 2019ರಲ್ಲಿ ಸಿಂಗಳೀಕಗಳ ರಕ್ಷಣೆಗೆಂದು ಅದನ್ನು ಇನ್ನೂ ವಿಸ್ತರಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದೂ ತಂಗುವುದೂ ಅಪರಾಧ. ದಡಕ್ಕೆ ದೋಣಿ ಬಂದ ಕೂಡಲೇ ಅದು ಯಾರದೂ ಅಲ್ಲದ ಜಾಗವಾಗಿಬಿಡುವುದಿಲ್ಲ. ಜಲಸಾಹಸ ತರಬೇತಿಗೆ ಹೆಸರಾದ ಹೊನ್ನೇಮರಡು ಈ ಹಿನ್ನೀರಿನ ದಡದ ಊರೇ. ಅಂಥ ಕಡೆ ಅನುಭವವುಳ್ಳವರ ಮೂಲಕ ಹೋಗಿ, ಯಾವ ದಡದಲ್ಲಿ ತಂಗಲು ಅವರಿಗೆ ಅನುಮತಿ ಇದೆ ಎಂಬ ಕಾಗದ ಕೇಳಿ ನೋಡಿ. ಕಾಗದ ಇಲ್ಲದಿದ್ದರೆ ರಾತ್ರಿ ಊರಿನ ಹೋಂಸ್ಟೇಯಲ್ಲಿ ಕಳೆದು ಹಗಲಷ್ಟೇ ನೀರಿಗಿಳಿಯಿರಿ.

ಟೆಂಟ್ ಜಾಗ ಆರಿಸುವಾಗ ಜನವರಿ ಎಂಬುದು ಮನಸ್ಸಿನಲ್ಲಿರಲಿ. ಮಂಗನ ಕಾಯಿಲೆಯ ಕಾಲ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರ ಜೀವ ತೆಗೆಯಿತು. ಹರಡುವುದು ಉಣುಗುಗಳಿಂದ. ಡಿಸೆಂಬರಿನಿಂದ ಮೇವರೆಗೆ ಎಳ್ಳುಕಾಳಿಗಿಂತ ಸಣ್ಣ ಮರಿ ಉಣುಗುಗಳು ತರಗೆಲೆಯಲ್ಲಿ ಇರುತ್ತವೆ. ಹಾಗಾಗಿ ನೆರಳು ಚೆಂದವೆಂದು ಮರದಡಿ ತರಗೆಲೆಯ ಮೇಲೆ ಟೆಂಟ್ ಹಾಕಬಾರದು, ಕೂರಲೂಬಾರದು. ನೀರು ಇಳಿದು ಬೋಳಾಗಿ ಬಿಟ್ಟ ದಡವೇ ಸರಿಯಾದ ಜಾಗ. ಆದರೆ ಕೆಲವೆಡೆ ಮೇಲೆ ಒಣಗಿದಂತೆ ಕಂಡು ಕೆಳಗೆ ಕೆಸರಿರುತ್ತದೆ, ಹುಟ್ಟಿನ ಹಿಡಿಯಿಂದ ಚುಚ್ಚಿ ನೋಡಿ. ಕಾಡುಕೋಣಗಳು ನೀರಿಗೆ ಇಳಿಯುವ ಜಾಡು ಗೊರಸಿನ ಗುರುತಿನಿಂದ ತಿಳಿಯುತ್ತದೆ, ಅಲ್ಲಿಂದ ದೂರವಿರಿ. ಬೋಳು ನೆಲದಲ್ಲಿ ಟೆಂಟಿನ ಗೂಟ ನಿಲ್ಲದಿದ್ದರೆ ಗೋಣಿಚೀಲಕ್ಕೆ ಮಣ್ಣು ತುಂಬಿ ಹಗ್ಗ ಬಿಗಿಯಿರಿ. ರಾತ್ರಿ ಇಬ್ಬನಿ ಜೋರಾಗಿರುತ್ತದೆ, ಹೊರಹೊದಿಕೆ ಹಾಕದೆ ಮಲಗಿದರೆ ಬೆಳಿಗ್ಗೆ ಎಲ್ಲವೂ ಒದ್ದೆ.

ಕಾಡಂಚಿಗೆ ಹೋಗಲೇಬೇಕಾದಾಗ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಕಾಲಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿ. ತೈಲ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಸಿಗುತ್ತದೆ. ಅಲ್ಲಿಗೆ ಹೋದಾಗಲೇ ಈ ವರ್ಷ ಯಾವ ಊರುಗಳಲ್ಲಿ ಕಾಯಿಲೆ ಕಾಣಿಸಿದೆ ಎಂದೂ ಕೇಳಿ, ಆ ದಡಗಳನ್ನು ಬಿಟ್ಟುಬಿಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಪ್ರತಿ ಸಂಜೆ ಬಟ್ಟೆ ಬದಲಿಸಿ, ಬಿಸಿನೀರು ಸೋಪಿನಲ್ಲಿ ಮೈ ತೊಳೆದು, ಕಂಕುಳು, ಸೊಂಟ, ಮೊಣಕಾಲಿನ ಸಂದು ನೋಡಿಕೊಳ್ಳಿ. ತೊಳೆದ ನೀರು ಹಿನ್ನೀರಿಗೆ ಹೋಗದಂತೆ ದೂರ ಚೆಲ್ಲಿ.

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕು. ಮೊದಲ ದಿನದ್ದನ್ನು ಊರಿನಿಂದ ಒಯ್ದು, ಆಮೇಲೆ ಹಿನ್ನೀರನ್ನೇ ಬಟ್ಟೆಯಲ್ಲಿ ಸೋಸಿ, ಫಿಲ್ಟರಿನಲ್ಲಿ ಹಾಯಿಸಿ, ಒಂದು ನಿಮಿಷ ಕೊತಕೊತನೆ ಕುದಿಸಿ. ದಡದ ನೀರಿಗಿಂತ ದೋಣಿಯಲ್ಲಿ ಸ್ವಲ್ಪ ಒಳಗೆ ಹೋಗಿ ತುಂಬಿಕೊಂಡದ್ದು ಒಳ್ಳೆಯದು. ಬೆಂಕಿ ಹಾಕಬೇಡಿ, ಆ ಹೊತ್ತಿಗೆ ಹುಲ್ಲು ಒಣಗಿರುತ್ತದೆ, ಕಾಡಿನಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರವೂ ಅಪರಾಧ. ಡಬ್ಬಿಯ ಗ್ಯಾಸ್ ಒಲೆಯಲ್ಲೇ ಅಡುಗೆ ಮಾಡಿ. ಗಾಳಿಗೆ ಅಡ್ಡ ಇಡಿ, ಆದರೆ ಡಬ್ಬಿಯನ್ನು ಸುತ್ತಲೂ ಮುಚ್ಚಬೇಡಿ, ಕಾದು ಸಿಡಿಯುತ್ತದೆ. ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗುವುದಾದರೆ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಮಾರ್ಗದರ್ಶಿಗೆ ಮೊದಲೇ ಹೇಳಿ ಅಲ್ಲೇ ವ್ಯವಸ್ಥೆ ಮಾಡಿಕೊಳ್ಳಿ.

ಊಟಕ್ಕೆ ಪ್ಯಾಕೆಟ್ಟಿನ ಸಾಮಾನು ಹುಡುಕುತ್ತಾ ಹೋಗಬೇಕಿಲ್ಲ, ನಿಮ್ಮ ಅಡುಗೆಮನೆಯಲ್ಲೇ ಇದೆ. ಮುದ್ದೆ ಬೇಡ: ಗ್ಯಾಸೂ ಹೆಚ್ಚು, ಪಾತ್ರೆ ತೊಳೆಯಲು ನೀರೂ ಹೆಚ್ಚು. ಅದರ ಬದಲು ರಾಗಿ ಹುರಿಹಿಟ್ಟು. ಬೆಲ್ಲ, ನೀರು ಹಾಕಿ ಕಲಸಿದರೆ ಒಲೆಯೇ ಬೇಡ, ಗಾಳಿಗೆ ಸಿಕ್ಕಿ ದಡದಲ್ಲಿ ಕಾಯಬೇಕಾದಾಗ ಇದೇ ಕೈ ಹಿಡಿಯುವುದು. ಒಬ್ಬರಿಗೆ ದಿನಕ್ಕೆ ಹುರಿಹಿಟ್ಟು 150 ಗ್ರಾಂ, ಗಟ್ಟಿ ಅವಲಕ್ಕಿ 100, ಅಕ್ಕಿ ಬೇಳೆ ಸೇರಿ 200, ಹುರಿದ ಕಡಲೆಕಾಯಿ ಬೀಜ 80, ತಿಪಟೂರು ಕೊಬ್ಬರಿ 50, ಬೆಲ್ಲ 60. ನೂರು ಗ್ರಾಂ ಕೊಬ್ಬರಿಯಲ್ಲಿ ಆರುನೂರಕ್ಕೂ ಹೆಚ್ಚು ಕ್ಯಾಲೊರಿ ಇದೆ, ಅಷ್ಟು ಕಡಿಮೆ ತೂಕದಲ್ಲಿ ಅಷ್ಟು ಶಕ್ತಿ ಕೊಡುವ, ಬಿಸಿಲಿಗೂ ಕೆಡದ ಪದಾರ್ಥ ಬೇರೆ ಸುಲಭಕ್ಕೆ ಸಿಗದು. ಹುಚ್ಚೆಳ್ಳು ಚಟ್ನಿಪುಡಿ, ಉಪ್ಪು, ಹುಣಸೆಹಣ್ಣು, ಉಪ್ಪಿನಕಾಯಿ ಇದ್ದರೆ ರುಚಿಗೆ ಕೊರತೆಯಿಲ್ಲ. ಹೊತ್ತಿಗೊಂದರಂತೆ ಕಟ್ಟಿ, ಮೇಲೆ ಹೆಸರು ಬರೆದಿಡಿ.

ಒಣ ಚೀಲದ ಬಾಯಿಯನ್ನು ಗಾಳಿ ತೆಗೆದು ಕನಿಷ್ಠ ಮೂರು ಸುತ್ತು ಸುರುಳಿ ಸುತ್ತಿಯೇ ಕೊಂಡಿ ಹಾಕಬೇಕು, ಎರಡೇ ಸುತ್ತು ಸುತ್ತಿದ್ದು ಮಗುಚಿದಾಗ ನೀರು ಕುಡಿಯುತ್ತದೆ. ಮನೆಯಲ್ಲೇ ಬಕೆಟ್ಟಿನಲ್ಲಿ ಹತ್ತು ನಿಮಿಷ ಅದುಮಿ ನೋಡಿ. ಮಲಗುವ ಚೀಲ ಮತ್ತು ಒಂದು ಜೊತೆ ಒಣ ಬಟ್ಟೆಗೆ ಒಳಗೊಂದು ದಪ್ಪ ಪಾಲಿಥಿನ್ ಚೀಲವೂ ಇರಲಿ. ಚೀಲಗಳನ್ನು ಗಿಡ್ಡಗೆ, ಬಿಗಿಯಾಗಿ ಕಟ್ಟಿ. ಉದ್ದ ಬಿಟ್ಟ ಹಗ್ಗ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹೊರಡುವ ಮುನ್ನ ಮನೆಯಲ್ಲೊಬ್ಬರಿಗೆ ಇಳಿಯುವ ಜಾಗ, ತಂಗುವ ದಡ, ಮಾರ್ಗದರ್ಶಿಯ ಫೋನ್, ಹಿಂದಿರುಗುವ ಹೊತ್ತು ಬರೆದು ಕೊಡಿ. ಮೂರನೆಯ ದಿನ ಸಂಜೆ ಆರರೊಳಗೆ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕು ಎಂಬ ಮಾತು ಖಚಿತವಾಗಿರಲಿ.

ವಾಪಸು ಬಂದ ಮೇಲೆ ದೋಣಿಯನ್ನು ಊರ ಕೆರೆಗೆ ಮತ್ತೆ ಇಳಿಸುವ ಮೊದಲು ತೊಳೆದು ಪೂರ್ತಿ ಒಣಗಿಸಿ, ಮಡಿಕೆಗಳಲ್ಲಿ ಸಿಕ್ಕ ಗಿಡದ ಚೂರು ತೆಗೆಯಿರಿ. ಅಂತರಗಂಗೆಯ ಒಂದು ತುಂಡು ಸಾಕು, ಕೆರೆ ಮುಚ್ಚಲು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಮಂಗನ ಕಾಯಿಲೆಯ ಜ್ವರ ಬರುವುದು ರೂಢಿ. ಎರಡು ವಾರದೊಳಗೆ ನಾಲ್ವರಲ್ಲಿ ಯಾರಿಗೇ ಆಗಲಿ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಕಾಣಿಸಿಕೊಂಡರೆ ಮಾತ್ರೆ ನುಂಗಿ ಕಾಯಬೇಡಿ. ತುಮಕೂರಿನ ವೈದ್ಯರಿಗೆ ಈ ಕಾಯಿಲೆ ದಿನನಿತ್ಯ ಕಾಣುವಂಥದ್ದಲ್ಲ, ಆದ್ದರಿಂದ ಸಾಗರದ ಕಡೆಯ ಕಾಡಂಚಿನಲ್ಲಿ ತಂಗಿದ್ದೆವು ಎಂದು ನೀವಾಗಿಯೇ ಮೊದಲು ಹೇಳಿ.